ಟ್ರಂಕು ಕಟ್ಟುವ ಮುಂಚೆ

ಮಡಿಕೇರಿಯವರಾಗಲಿ ಬೆಳಗಾವಿಯವರಾಗಲಿ, ಯಜಮಾನರು ಸೈನ್ಯದಲ್ಲಿದ್ದರೆ ಕೆಲವು ವರ್ಷಕ್ಕೊಮ್ಮೆ ಊರು ಬಿಡುವುದು ತಪ್ಪಿದ್ದಲ್ಲ. ಸಾಮಾನ್ಯವಾಗಿ ಮೂಲವೇತನದ ಶೇ 80ರಷ್ಟು ವರ್ಗಾವಣೆ ಅನುದಾನ ಸಿಗುತ್ತದೆ, ಸಾಮಾನು ಸಾಗಣೆಯ ವೆಚ್ಚ ಬೇರೆ. ಮುಂಗಡವನ್ನೂ ಕೇಳಬಹುದು. ಆದರೆ ಮುಂಗಡ ಬಂತೆಂದು ಹೊಸ ಸೋಫಾಕ್ಕೆ ಕೈಹಾಕಬೇಡಿ. ಬಿಲ್ಲು ಪಾಸಾಗದಿದ್ದರೆ ಅಷ್ಟೂ ಸಂಬಳದಲ್ಲಿ ಕಡಿತವಾಗುತ್ತದೆ. ಲಾರಿಯ ರಸೀದಿ, ರೈಲು ಟಿಕೆಟ್, ಪೋಸ್ಟಿಂಗ್ ಆರ್ಡರಿನ ಪ್ರತಿ ಒಂದೇ ಫೈಲಿನಲ್ಲಿರಲಿ. ಆ ಫೈಲು ಟ್ರಂಕಿಗೆ ಬೇಡ, ನಿಮ್ಮ ಕೈಚೀಲದಲ್ಲಿರಲಿ.

ಜೇಬು ಖಾಲಿ ಮಾಡುವುದು ಸಣ್ಣಪುಟ್ಟ ಖರ್ಚುಗಳೇ. ಮಕ್ಕಳ ಹೊಸ ಯೂನಿಫಾರ್ಮು, ಗೀಸರ್ ರಿಪೇರಿ, ಕರ್ಟನ್ನು (ಹಳೇ ಮನೆಯದು ಹೊಸ ಕಿಟಕಿಗೆ ಹೊಂದಿದ್ದುಂಟೇ?), ಕ್ವಾರ್ಟರ್ಸ್ ಸಿಗುವ ತನಕ ಬಾಡಿಗೆ ಮನೆಯ ಅಡ್ವಾನ್ಸು. ಎರಡು ತಿಂಗಳ ಮನೆಖರ್ಚನ್ನು ಉಳಿತಾಯ ಖಾತೆಯಲ್ಲಿ ಮುಟ್ಟದೆ ಇಡಿ.

ಹೊಸ ಕಾರು ಕೊಳ್ಳುವುದಿದ್ದರೆ 2021ರಲ್ಲಿ ಬಂದ ಬಿಎಚ್ (ಭಾರತ್) ಸರಣಿಯ ನೋಂದಣಿ ಕೇಳಿ. ರಸ್ತೆ ತೆರಿಗೆಯನ್ನು ಎರಡೆರಡು ವರ್ಷಕ್ಕೆ ಕಟ್ಟಿದರಾಯಿತು, ರಾಜ್ಯ ಬದಲಾದಾಗ ಮರುನೋಂದಣಿಯ ಅಲೆದಾಟವಿಲ್ಲ.

ಯಜಮಾನರಿಗೆ ಕುಟುಂಬವನ್ನು ಕರೆದೊಯ್ಯಲಾಗದ ಫೀಲ್ಡ್ ಪೋಸ್ಟಿಂಗ್ ಆದರೆ, ಹೊರಡುವ ಮೊದಲೇ ಜಂಟಿ ಖಾತೆ ಮಾಡಿಸಿ, ನಾಮಿನಿ ಹೆಸರು ಪರಿಶೀಲಿಸಿ. ಸಂಕೋಚ ಬೇಡ, ಕೇಳಿಯೇಬಿಡಿ.