ಬಿಸಿಲು, ಬೂತಾಯಿ ಮತ್ತು ಡಿ ಜೀವಸತ್ವ

ನಾನು ವಿಜ್ಞಾನದ ವಿದ್ಯಾರ್ಥಿಯಲ್ಲ, ಅಂತಿಮ ಬಿ.ಎ. ತರಗತಿಯವನು. ಆದರೂ ಜೀವಸತ್ವವೊಂದರ ಕುರಿತು ನಾಲ್ಕು ಮಾತು ಬರೆಯಲು ಕಾರಣವುಂಟು. ಅಂಬಲಪಾಡಿಯ ನಮ್ಮ ಮನೆಯಲ್ಲಿ ತಾಯಿಯವರು ಇಪ್ಪತ್ತು ವರ್ಷಗಳಿಂದ ಬೀಡಿ ಕಟ್ಟುತ್ತಿದ್ದಾರೆ. ನನ್ನ ಕಾಲೇಜು ಫೀಸು ಬಂದುದೂ ಅದರಿಂದಲೇ. ಕಳೆದ ಮಳೆಗಾಲದಲ್ಲಿ ಅವರಿಗೆ ಸೊಂಟ, ತೊಡೆಗಳ ನೋವು ಹೆಚ್ಚಿ, ಗೋಡೆ ಹಿಡಿಯದೆ ಏಳಲಾಗದಂತಾಯಿತು. ರಕ್ತ ಪರೀಕ್ಷೆ ಮಾಡಿಸಿದ ವೈದ್ಯರು, ಡಿ ಜೀವಸತ್ವ ತೀರ ಕಡಿಮೆಯಿದೆ ಎಂದರು. “ನಮ್ಮೂರಲ್ಲಿ ಬಿಸಿಲಿಗೂ ಬರಗಾಲವೇ ಮಗಾ?” ಎಂದು ಅಮ್ಮ ಕೇಳಿದರು. ಆ ಪ್ರಶ್ನೆಗೆ ಉತ್ತರ ಹುಡುಕಿದ ಫಲವೇ ಈ ಲೇಖನ.

ಹಿಂದೆ ಯೂರೋಪಿನ ಹೊಗೆ ಮುಸುಕಿದ ನಗರಗಳಲ್ಲಿ ಮಕ್ಕಳ ಕಾಲುಗಳು ಬಿಲ್ಲಿನಂತೆ ಬಾಗುವ ರಿಕೆಟ್ಸ್ ರೋಗ ಸಾಮಾನ್ಯವಾಗಿತ್ತು. 1919ರಲ್ಲಿ ಬರ್ಲಿನ್ನಿನ ವೈದ್ಯ ಹುಲ್ಡ್‌ಶಿನ್‌ಸ್ಕಿಯವರು ದೀಪದ ಅತಿನೇರಿಳೆ ಕಿರಣಗಳಿಂದ ಅದನ್ನು ಗುಣಪಡಿಸಿದರು. ಅದೇ ಕಾಲದಲ್ಲಿ ಇಂಗ್ಲೆಂಡಿನ ಮೆಲ್ಲನ್‌ಬಿಯವರು, ಕಾಡ್ ಮೀನಿನ ಯಕೃತ್ತಿನ ಎಣ್ಣೆ ನಾಯಿಮರಿಗಳಲ್ಲಿ ಆ ರೋಗವನ್ನು ತಡೆಯುವುದನ್ನು ಕಂಡರು. ಆ ಎಣ್ಣೆಯಲ್ಲಿದ್ದ ವಸ್ತು ‘ಎ’ ಜೀವಸತ್ವಕ್ಕಿಂತ ಬೇರೆಯೆಂದು 1922ರಲ್ಲಿ ಅಮೆರಿಕದ ಮೆಕಾಲಮ್‌ರು ತೋರಿಸಿದರು. ಅದಕ್ಕೆ ‘ಡಿ’ ಎಂಬ ಹೆಸರಾಯಿತು.

ಈ ಜೀವಸತ್ವದ ವಿಶೇಷವೆಂದರೆ, ಇದನ್ನು ನಮ್ಮ ಚರ್ಮವೇ ತಯಾರಿಸಬಲ್ಲುದು. ಬಿಸಿಲಿನ ಅತಿನೇರಿಳೆ ಕಿರಣಗಳು ಚರ್ಮದಲ್ಲಿರುವ ಕೊಲೆಸ್ಟರಾಲ್ ಜಾತಿಯ ವಸ್ತುವೊಂದನ್ನು ಮಾರ್ಪಡಿಸುತ್ತವೆ. ಅದು ಯಕೃತ್ತಿನಲ್ಲಿಯೂ ಬಳಿಕ ಮೂತ್ರಪಿಂಡಗಳಲ್ಲಿಯೂ ಬದಲಾವಣೆ ಹೊಂದಿ, ಕರುಳು ಆಹಾರದಿಂದ ಸುಣ್ಣದಂಶವನ್ನು ಹೀರಿಕೊಳ್ಳುವಂತೆ ಮಾಡುತ್ತದೆ. ಇದು ಸಾಲದಿದ್ದರೆ ರಾಗಿ ಉಂಡರೂ ಹಾಲು ಕುಡಿದರೂ ಸುಣ್ಣದಂಶ ಸಾಕಷ್ಟು ಮೈಗೆ ಹತ್ತದು. ಮಕ್ಕಳಿಗೆ ರಿಕೆಟ್ಸ್ ಬರುತ್ತದೆ. ದೊಡ್ಡವರ ಎಲುಬು ಮೆತ್ತಗಾಗಿ ನೋಯುತ್ತದೆ, ಸ್ನಾಯುಗಳು ಸೋಲುತ್ತವೆ.

ಹಾಗಾದರೆ ನಮ್ಮಲ್ಲಿ ಕೊರತೆ ಏಕೆ? ಬಿಸಿಲು ಊರಿಗೆ ಬಿದ್ದರೆ ಸಾಲದು, ಮೈಗೆ ಬೀಳಬೇಕು. ಬೀಡಿ ಎಲೆ ಹದವಾಗಿ ನೆನೆದಿರಬೇಕು. ಬಿಸಿಲು ತಾಗಿದರೆ ಒಣಗಿ ಒಡೆಯುತ್ತದೆ. ಆದುದರಿಂದ ಕಟ್ಟುವವರು ದಿನವಿಡೀ ನೆರಳಿನಲ್ಲಿಯೇ ಕೂರುತ್ತಾರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರಾವಳಿಯಲ್ಲಿ ಮೋಡ. ಕಪ್ಪು ಮೈಬಣ್ಣದವರಿಗೆ ಹೆಚ್ಚು ಹೊತ್ತಿನ ಬಿಸಿಲು ಬೇಕು. ಕಿಟಕಿಯ ಗಾಜು ಈ ಕಿರಣಗಳನ್ನು ತಡೆಯುತ್ತದೆ. ಗ್ರಂಥಾಲಯದಲ್ಲಿ ಕೂರುವ ನಾವೂ ಇದನ್ನು ನೆನೆಯಬೇಕು. ಎಳೆಬಿಸಿಲೇ ಒಳ್ಳೆಯದೆಂಬ ನಂಬಿಕೆಯಿದೆ. ಆದರೆ ಆಗ ಈ ಕಿರಣಗಳು ಬಹಳ ಕಡಿಮೆ. ನಮ್ಮ ನೆರಳು ನಮಗಿಂತ ಗಿಡ್ಡವಾಗಿರುವ ಹೊತ್ತಿನ ಬಿಸಿಲಿಗೆ, ಮೈ ಸುಡದಷ್ಟು ಹೊತ್ತು, ಕೈಕಾಲು ಒಡ್ಡಬೇಕು.

ಆಹಾರದಲ್ಲಿ ಬೂತಾಯಿ, ಬಂಗುಡೆಯಂಥ ಕೊಬ್ಬುಳ್ಳ ಮೀನು ಮುಖ್ಯ. ಮಲ್ಪೆ ಬಂದರು ಪಕ್ಕದಲ್ಲಿಯೇ ಇರುವ ನಮಗೆ ಅದು ದುರ್ಲಭವಲ್ಲ. ಮೀನು ತಿನ್ನದವರಿಗೆ ಡಿ ಜೀವಸತ್ವ ಬೆರೆಸಿದ ಹಾಲು, ಎಣ್ಣೆಗಳಿವೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ವಯಸ್ಕರಿಗೆ ಸೂಚಿಸಿದ ಪ್ರಮಾಣ ದಿನಕ್ಕೆ 600 ಯೂನಿಟ್. ಮಾತ್ರೆಗಳನ್ನು ವೈದ್ಯರ ಮಾತಿನಂತೆಯೇ ಸೇವಿಸಬೇಕು. ಅತಿಯಾದರೆ ರಕ್ತದಲ್ಲಿ ಸುಣ್ಣದಂಶ ಹೆಚ್ಚಿ ಮೂತ್ರಪಿಂಡಕ್ಕೆ ಹಾನಿ.

ವೈದ್ಯರು ಕೊಟ್ಟ ಮಾತ್ರೆ ಮುಗಿಸಿದ ಅಮ್ಮ ಈಗ ಗೋಡೆ ಹಿಡಿಯದೆ ಏಳುತ್ತಾರೆ. ಹನ್ನೊಂದು ಗಂಟೆಗೆ ಮೊರವನ್ನು ಬದಿಗಿಟ್ಟು ತುಸು ಹೊತ್ತು ಅಂಗಳದಲ್ಲಿ ಕೂರುತ್ತಾರೆ. ಅಷ್ಟು ಹೊತ್ತಿನ ಬೀಡಿ ಕಡಿಮೆಯಾಗುತ್ತದೆಂದು ಗೊಣಗುವುದುಂಟು. ನಮ್ಮಲ್ಲಿ ಅನೇಕರ ತಾಯಂದಿರು ಹೀಗೆಯೇ ಒಳಗೆ ಕುಳಿತು ದುಡಿದು ನಮ್ಮನ್ನು ಓದಿಸಿದವರು. ಸಹಪಾಠಿಗಳು ಇಂದು ಮನೆಗೆ ಹೋದಾಗ ಈ ಮಾತನ್ನು ಅವರಿಗೆ ತಿಳಿಸುವರೆಂದು ನಂಬಿದ್ದೇನೆ.