ದೀಪ ಹೆಚ್ಚಿದವು, ಆಲ್ಟರ್ನೇಟರ್ ಸಾಕೇ?

ನಾರಾಯಣಖೇಡದ ಅಣ್ಣಾರೆ, ರಾತ್ರಿ ಜಹೀರಾಬಾದ್ ಕಡೆ ಟ್ರ್ಯಾಕ್ಟರಿನಲ್ಲಿ ಕಬ್ಬು ಸಾಗಿಸುವಾಗ ಬ್ಯಾಟರಿ ಇಳಿಯುತ್ತದೆಂದು ಹೊಸ ಬ್ಯಾಟರಿ ಕೊಳ್ಳಬೇಡಿ. ಮೊದಲು ಲೆಕ್ಕ ಹಾಕಿ. ಮುಂದೆ 2, ಹಿಂದೆ 2 ದೊಡ್ಡ ದೀಪ, ತಲಾ 55 ವ್ಯಾಟ್: 220. ಟ್ರೇಲರಿನ ಕೆಂಪು ದೀಪ, ಹಾಡಿನ ಪೆಟ್ಟಿಗೆ (ಅದಿಲ್ಲದೆ ನಿಮಗೆ ದಾರಿ ಸಾಗದಲ್ಲ!) ಸೇರಿ 60. ಒಟ್ಟು 280ನ್ನು 14 ವೋಲ್ಟಿನಿಂದ ಭಾಗಿಸಿದರೆ 20 ಆಂಪಿಯರ್. ಬ್ಯಾಟರಿ ತುಂಬಲು ಇನ್ನೊಂದು 8 ಇರಲಿ. 36 ಆಂಪಿಯರಿನ ಆಲ್ಟರ್ನೇಟರ್ ಸಾಕು.

ಆದರೆ ಆ 36 ಎಂಜಿನ್ ಜೋರಾಗಿ ಓಡುವಾಗಿನ ಮಾತು. ತಾಂಡೂರಿನಲ್ಲಿ ಕಲ್ಲಿನ ಲೋಡಿಗೆ ಕಾಯುತ್ತ ಎಂಜಿನ್ ಸಣ್ಣಗೆ ಓಡಿಸುತ್ತಿದ್ದರೆ ಅಷ್ಟು ಬರದು. ಆಗ ಹಿಂದಿನ ದೊಡ್ಡ ದೀಪ ಆರಿಸಿ. ಬೆಲ್ಟ್ ಸಡಿಲವೇ ನೋಡಿ.

ಅಂದಹಾಗೆ, ಮನೆಯಲ್ಲೇ ಕಟ್ಟುವ ಪುಟ್ಟ ವಿಮಾನಗಳ ರೋಟಾಕ್ಸ್ 912 ಎಂಜಿನ್ನಿನ ಒಳ ಜನರೇಟರು ಕೊಡುವುದೇ ಸುಮಾರು 250 ವ್ಯಾಟ್. ನಿಮ್ಮ ಟ್ರ್ಯಾಕ್ಟರು ಅದಕ್ಕಿಂತ ಹೆಚ್ಚು ಕೇಳುತ್ತಿದೆ!