ನರ್ಸಿಂಗ್ ಸೀಟಿಗೆ ದುಡ್ಡು ಕಟ್ಟುವ ಮೊದಲು

ಮಗಳಿಗೆ ನರ್ಸಿಂಗ್ ಓದಿಸಬೇಕೆಂದು ಒಡವೆ ಅಡವಿಟ್ಟು ಏಜೆಂಟನ ಕೈಗೆ ಮುಂಗಡ ಕೊಡಲು ಹೊರಟಿದ್ದೀರಾ? ಒಂದು ನಿಮಿಷ ನಿಲ್ಲಿ. ಸರ್ಕಾರಿ ಕೋಟಾದ ಬಿಎಸ್‌ಸಿ ನರ್ಸಿಂಗ್ ಸೀಟು ಹಂಚುವುದು ಕರ್ನಾಟಕ ಪರೀಕ್ಷಾ ಪ್ರಾಧಿಕಾರ. ಅಲ್ಲಿ ಪ್ರಯತ್ನಿಸದೆ ಮ್ಯಾನೇಜ್‌ಮೆಂಟ್ ಸೀಟಿಗೆ ಬೀಳಬೇಡಿ.

ಕಾಲೇಜಿಗೆ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಸಂಯೋಜನೆ ಇದೆಯೇ ನೋಡಿ. ನಾಲ್ಕೂ ವರ್ಷದ ಶುಲ್ಕ, ಹಾಸ್ಟೆಲ್, ಸಮವಸ್ತ್ರ, ಪರೀಕ್ಷಾ ಶುಲ್ಕ ಎಲ್ಲವನ್ನೂ ಬರಹದಲ್ಲಿ ಕೇಳಿ. ಅನೇಕರು ಮೊದಲ ವರ್ಷದ್ದಷ್ಟೇ ಲೆಕ್ಕ ಹಾಕಿ ಎರಡನೇ ವರ್ಷಕ್ಕೆ ಮೀಟರ್ ಬಡ್ಡಿಯ ಬಾಗಿಲು ತಟ್ಟುತ್ತಾರೆ. ಕಂಡಾಗಲೆಲ್ಲ ಹೊಟ್ಟೆ ಉರಿಯುತ್ತದೆ. ಕಟ್ಟಿದ್ದಕ್ಕೆಲ್ಲ ರಸೀದಿ ಇರಲಿ. ಮೂಲ ಅಂಕಪಟ್ಟಿಯನ್ನು ತೋರಿಸಿ ವಾಪಸ್ ತನ್ನಿ. ಅದು ಕಾಲೇಜಿನ ಬೀರುವಿನಲ್ಲಿ ಕುಳಿತರೆ, ಬಾಕಿಯ ನೆಪದಲ್ಲಿ ಮಗುವೂ ಸಿಕ್ಕಿಬೀಳುತ್ತದೆ.

ಜಾತಿ, ಆದಾಯ ಪ್ರಮಾಣಪತ್ರ ಸಿದ್ಧವಿಟ್ಟುಕೊಂಡು, ಆಧಾರ್ ಜೋಡಿಸಿದ ಖಾತೆಯೊಂದಿಗೆ ರಾಜ್ಯ ಸರ್ಕಾರದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಿ. ಕೊನೆಯ ದಿನದವರೆಗೆ ಕಾಯಬೇಡಿ, ಸರ್ವರ್ ನಂಬುವಂಥದ್ದಲ್ಲ. ಆ ಹಣ ತಡವಾಗಿ ಬರಬಹುದು, ಅದನ್ನೇ ನೆಚ್ಚಿ ಶುಲ್ಕದ ವಾಯಿದೆ ಒಪ್ಪಬೇಡಿ.

ಸಾಲವೇ ಗತಿಯಾದರೆ ಬ್ಯಾಂಕಿಗೇ ಹೋಗಿ. ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ 7.5 ಲಕ್ಷ ರೂಪಾಯಿವರೆಗೆ ಆಸ್ತಿ ಅಡಮಾನ ಬೇಕಿಲ್ಲ. ಓದುವಾಗ ಕಂತಿಲ್ಲ ನಿಜ, ಬಡ್ಡಿ ಮಾತ್ರ ಬೆಳೆಯುತ್ತಲೇ ಇರುತ್ತದೆ. ಕೈಲಾದಷ್ಟು ಬಡ್ಡಿಯನ್ನು ಆಗಾಗ ಕಟ್ಟುತ್ತಿರಿ.